ಮದುವೆಯಲ್ಲಿ ಫೋಟೋ ಯಾರು ತೆಗೆಯಬೇಕು: ಫೋಟೋಗ್ರಾಫರ್ ಒಬ್ಬರೇನಾ, ಬಂದವರೆಲ್ಲಾನಾ?

ದುಡ್ಡು ಕೊಟ್ಟು ಫೋಟೋಗ್ರಾಫರನ್ನು ಗೊತ್ತು ಮಾಡಿ ಆಗಿದೆ. ಬರುವವರ ಕೈಯಲ್ಲೆಲ್ಲಾ ಮೊಬೈಲ್ ಇರುತ್ತದೆ, ಅದೂ ಗೊತ್ತು. ಹಾಗಾದರೆ ಅವರನ್ನು ಅವರ ಪಾಡಿಗೆ ಬಿಡುವುದಾ, ಬೇಡ ಅನ್ನುವುದಾ, ಇಲ್ಲಾ ಅರ್ಧಂಬರ್ಧ ತಡೆಯುವುದಾ? ಮದುವೆ ಗೊತ್ತಾದವರು ನನ್ನನ್ನು ಆಲ್ಬಂ, ವಿಡಿಯೋ ಬಗ್ಗೆ ಕೇಳುವುದಕ್ಕಿಂತ ಜಾಸ್ತಿ ಇದನ್ನೇ ಕೇಳುತ್ತಾರೆ. ಅದರಲ್ಲೂ ಅರ್ಧ ಜನರ ನಿಜವಾದ ಪ್ರಶ್ನೆ "ನಮ್ಮ ಚಿಕ್ಕಪ್ಪನಿಗೆ ಹೇಳೋದು ಹೇಗೆ?" ಅನ್ನುವುದು.

ನಾನು ಮದುವೆಗಳ ಫೋಟೋ ತೆಗೆಯುವವನು. ಬೇರೆಯವರ ಮದುವೆಗೆ ನೆಂಟನಾಗಿ ಹೋದಾಗ ಮೊಬೈಲ್ ಎತ್ತುವವನೂ ಹೌದು. ಎರಡೂ ಕಡೆಯ ಆಸೆ, ಕಿರಿಕಿರಿ ಗೊತ್ತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಇಡೀ ದಿನಕ್ಕೆ ಒಂದೇ ಉತ್ತರ ಹುಡುಕಲು ಹೋಗಬೇಡಿ. ಯಾವ ಹೊತ್ತಿಗೆ ಯಾರ ಕ್ಯಾಮೆರಾ ಅಂತ ದಿನವನ್ನು ಹಂಚಿಕೊಂಡರೆ ಮುಕ್ಕಾಲು ಪಾಲು ತಲೆನೋವು ಅಲ್ಲೇ ಮುಗಿಯುತ್ತದೆ. ಎಲ್ಲರಿಗೂ ಇದೇ ಸರಿ ಅಂತಲ್ಲ. ಪೂರ್ತಿ ಬೇಡ ಅನ್ನುವುದೇ ಸರಿಯಾದ ಮದುವೆಗಳಿವೆ, ಪೂರ್ತಿ ಬಿಟ್ಟುಬಿಡುವುದೇ ಸರಿಯಾದವೂ ಇವೆ.

ಮೊದಲು ಇಷ್ಟು ಮಾತಾಡಿಕೊಳ್ಳಿ

ಮತ್ತೆ ಸಿಗದ ಕ್ಷಣ ಯಾವುದು? ಒಂದು ಮದುವೆಯಲ್ಲಿ ನೂರಾರು ಫೋಟೋ ಆಗುತ್ತವೆ, ಆದರೆ ಇನ್ನೊಮ್ಮೆ ಮಾಡಿಸಲು ಆಗದ ಕ್ಷಣಗಳು ಬೆರಳೆಣಿಕೆಯಷ್ಟು. ಅವೆಲ್ಲ ಸೇರಿದರೂ ಎಷ್ಟೋ ಸಲ ಅರ್ಧ ಗಂಟೆ ದಾಟುವುದಿಲ್ಲ. ಅದನ್ನು ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಫೋಟೋ ಎಷ್ಟು ಬೇಗ ಬೇಕು? ಫೋಟೋಗ್ರಾಫರ್ ಆರಿಸಿ, ಬಣ್ಣ ತಿದ್ದಿ ಕೊಡುವುದಕ್ಕೆ ವಾರಗಳು ಹಿಡಿಯುತ್ತವೆ. ಅವತ್ತು ರಾತ್ರಿಯೇ ನೋಡಬೇಕು ಅನ್ನುವ ಆಸೆ ಇದ್ದರೆ ಅದು ಮೊಬೈಲಿನಿಂದಲೇ ಈಡೇರಬೇಕು.

ಎಲ್ಲಿ ನೋಡುತ್ತೀರಿ? ಮೊಬೈಲಿನಲ್ಲಾದರೆ ಯಾವ ಫೋಟೋ ಆದರೂ ಚೆನ್ನಾಗಿಯೇ ಕಾಣುತ್ತದೆ. ಪ್ರಿಂಟ್ ಹಾಕಿಸುವುದಾದರೆ ಲೆಕ್ಕ ಬೇರೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಉದ್ದದ ಕಡೆ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಇಂಚಿಗೆ 300 ಚುಕ್ಕೆಯಂತೆ ಪ್ರಿಂಟ್ ಮಾಡಿಸಿದರೆ ಅದು ಐದು ಇಂಚಿನ ಆಸುಪಾಸು. ಅದನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿದರೆ ಮುಖವೆಲ್ಲಾ ಮೇಣದ ಹಾಗೆ ಕಾಣುತ್ತದೆ.

ನಿಮಗಿಂತ ಮುಂಚೆ ಬೇರೆಯವರ ಸ್ಟೇಟಸ್‌ನಲ್ಲಿ ನಿಮ್ಮ ಮದುವೆ ಬಂದರೆ ಪರವಾಗಿಲ್ವಾ? ಕೆಲವರಿಗೆ ಖುಷಿ, ಕೆಲವರಿಗೆ ಬೇಜಾರು. ಕೆಲಸದ ಕಾರಣಕ್ಕೋ ಮನೆಯ ಕಾರಣಕ್ಕೋ ಫೋಟೋ ಹೊರಗೆ ಹೋಗಲೇಬಾರದು ಅನ್ನುವವರೂ ಇದ್ದಾರೆ.

ಕೊನೆಯದು ದುಡ್ಡು, ಮತ್ತು ಮದುವೆ ಮುಗಿದ ಮೇಲಿನ ಕೆಲಸ. ಈ ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ನೆಂಟರ ಫೋಟೋ ಪುಕ್ಕಟೆ ಅಂದುಕೊಳ್ಳುತ್ತೀರಿ, ಆದರೆ ಅದನ್ನು ಹತ್ತಾರು ಜನರಿಂದ ಕೇಳಿ ಪಡೆದು, ಒಂದೇ ಥರದ ಮೂವತ್ತು ಫೋಟೋದಲ್ಲಿ ಒಂದನ್ನು ಆರಿಸುವ ಕೆಲಸ ನಿಮ್ಮ ತಲೆಗೇ ಬರುತ್ತದೆ.

ತೊಂದರೆ ನಿಜವಾಗಿ ಎಲ್ಲಿ ಆಗುತ್ತದೆ

"ಒಂದು ಮೊಬೈಲಿಂದ ಏನಾಗುತ್ತೆ" ಅಂತ ಕೇಳುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊಬೈಲಿನ ಮುಖ್ಯ ಕ್ಯಾಮೆರಾ ಅಗಲ ನೋಟದ್ದು, ದೊಡ್ಡ ಕ್ಯಾಮೆರಾದ ಲೆಕ್ಕದಲ್ಲಿ ಸಾಮಾನ್ಯವಾಗಿ 24ರಿಂದ 28 ಮಿ.ಮೀ. ಲೆನ್ಸಿನಷ್ಟು. ದೂರ ಕೂತು ತೆಗೆದರೆ ಮದುಮಕ್ಕಳು ಇರುವೆಯಷ್ಟು ಕಾಣುತ್ತಾರೆ. ಅದಕ್ಕೇ ತೆಗೆಯುವವರು ಎದ್ದು ಮುಂದೆ ಬರುತ್ತಾರೆ. ಫೋಟೋಗ್ರಾಫರ್ ಇದಕ್ಕೆ ಉಲ್ಟಾ. ಯಾರಿಗೂ ಅಡ್ಡ ಆಗಬಾರದು ಅಂತ ಹಿಂದೆ ನಿಂತು, ದೂರದ್ದನ್ನು ಹತ್ತಿರ ತೋರಿಸುವ 70ರಿಂದ 200 ಮಿ.ಮೀ. ಲೆನ್ಸ್ ಹಾಕಿ, ಜನರ ಮಧ್ಯದ ಒಂದು ಸಂದಿಯಲ್ಲಿ ಎರಡು ಮುಖ ಹಿಡಿಯುತ್ತಿರುತ್ತಾರೆ. ಆ ಸಂದಿ ಎಷ್ಟು ದೊಡ್ಡದು ಗೊತ್ತಾ? ಒಂದು ಕೈ ಮೇಲೆದ್ದರೆ ಮುಚ್ಚಿಹೋಗುವಷ್ಟು. ಮದುಮಗಳು ತಲೆಯೆತ್ತಿ ನಕ್ಕ ಆ ಒಂದು ಸೆಕೆಂಡಿಗೆ ಫೋಟೋದ ನಡುವೆ ಬರುವುದು ಯಾರದೋ ಮೊಣಕೈ ಮತ್ತು ಹೊಳೆಯುವ ಸ್ಕ್ರೀನು. ಅದನ್ನು ಆಮೇಲೆ ಅಳಿಸುವುದು ಹೇಳಿದಷ್ಟು ಸುಲಭವಲ್ಲ, ಮೊಣಕೈ ಹಿಂದಿದ್ದ ಮುಖ ಕ್ಯಾಮೆರಾಕ್ಕೆ ಸಿಕ್ಕೇ ಇರುವುದಿಲ್ಲ.

ಎರಡನೆಯದು ಫ್ಲ್ಯಾಶ್. ಮೊಬೈಲಿನ ಫ್ಲ್ಯಾಶ್ ಒಂದು ಚಿಕ್ಕ ಎಲ್‌ಇಡಿ ದೀಪ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಹಾಗಾಗಿ ಹತ್ತನೇ ಸಾಲಿನಿಂದ ಹಾಕಿದ ಫ್ಲ್ಯಾಶ್ ವೇದಿಕೆ ಮುಟ್ಟುವುದೇ ಇಲ್ಲ. ಮುಂದಿನ ಸಾಲಿನವರ ತಲೆಕೂದಲು ಮಾತ್ರ ಚೆನ್ನಾಗಿ ಬೆಳಗುತ್ತದೆ. ದೊಡ್ಡ ಕ್ಯಾಮೆರಾ ತಂದ ನೆಂಟರ ಫ್ಲ್ಯಾಶ್ ಹಾಗಲ್ಲ, ಅದಕ್ಕೆ ಜೋರಿದೆ. ಅದು ಸರಿಯಾಗಿ ಫೋಟೋಗ್ರಾಫರಿನ ಶಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಪರದೆ, ತೆರೆದ ಹೊತ್ತಿಗೇ ಹೊಡೆದರೆ ಮುಖಗಳು ಸುಣ್ಣ ಬಳಿದ ಹಾಗೆ ಆಗಿಬಿಡುತ್ತವೆ. ಶಟರ್ ವೇಗ ಜಾಸ್ತಿ ಇದ್ದರೆ, ಅಂದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಬೆಳಕು ಇಡೀ ಫೋಟೋಗೆ ಬೀಳುವ ಮಿತಿಯಾದ ಸೆಕೆಂಡಿನ 1/160ರಿಂದ 1/250 ಭಾಗವನ್ನು ದಾಟಿದ್ದರೆ, ಫೋಟೋದ ಒಂದು ಪಟ್ಟಿ ಮಾತ್ರ ಬೆಳ್ಳಗಾಗಿ ಉಳಿದದ್ದು ಸರಿಯಾಗಿಯೇ ಇರುತ್ತದೆ. ಇದು ಪ್ರತಿ ಮದುವೆಯಲ್ಲೂ ಆಗುವುದಿಲ್ಲ. ಆದರೆ ಆದಾಗ ಅದು ಬೇಕಾದ ಫೋಟೋದಲ್ಲೇ ಆಗಿರುತ್ತದೆ, ಯಾಕೆಂದರೆ ಎಲ್ಲರೂ ಒತ್ತುವುದು ಒಂದೇ ಕ್ಷಣದಲ್ಲಿ ಅಲ್ವಾ.

ಮೂರನೆಯದನ್ನು ಯಾರೂ ಊಹಿಸುವುದಿಲ್ಲ, ಹಾಳು ಮಾಡುವುದು ಮಾತ್ರ ಇದೇ ಜಾಸ್ತಿ. ಗ್ರೂಪ್ ಫೋಟೋ. ಇಪ್ಪತ್ತು ಜನ ಸಾಲಾಗಿ ನಿಂತಿದ್ದಾರೆ, ಎದುರಿಗೆ ಫೋಟೋಗ್ರಾಫರ್, ಅವರ ಅಕ್ಕಪಕ್ಕ ಆರು ಮೊಬೈಲು. ಅಮ್ಮ ಮಗನ ಮೊಬೈಲ್ ನೋಡುತ್ತಾರೆ, ಮಾವ ಎಡಗಡೆ "ಇಲ್ಲಿ, ಇಲ್ಲಿ" ಅಂದವರನ್ನು ನೋಡುತ್ತಾರೆ, ಮಗು ನೆಲ ನೋಡುತ್ತದೆ. ಒಬ್ಬೊಬ್ಬರ ಮೊಬೈಲಿನಲ್ಲೂ ಒಬ್ಬಿಬ್ಬರು ಸರಿಯಾಗಿ ನೋಡಿದ ಫೋಟೋ ಸಿಗುತ್ತದೆ, ಎಲ್ಲರೂ ಒಂದೇ ಕಡೆ ನೋಡಿದ್ದು ಯಾರ ಬಳಿಯೂ ಇರುವುದಿಲ್ಲ.

ಆಯ್ಕೆ ಒಂದು: ಯಾರು ಬೇಕಾದರೂ, ಯಾವಾಗ ಬೇಕಾದರೂ

ಇಷ್ಟೆಲ್ಲಾ ಹೇಳಿದ ಮೇಲೂ ಇದನ್ನು ಸುಮ್ನೆ ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಫೋಟೋಗ್ರಾಫರ್ ಒಬ್ಬರೇ ಇದ್ದರೆ ಅವರು ಒಂದು ಸಲಕ್ಕೆ ಒಂದೇ ಕಡೆ ಇರಬಲ್ಲರು. ವೇದಿಕೆಯ ಫೋಟೋ ಆಗುತ್ತಿರುವಾಗ ಹಿಂದೆ ಹಳೇ ಗೆಳತಿಯರು ವರ್ಷಗಳ ಮೇಲೆ ಸಿಕ್ಕಿ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದು, ಮಕ್ಕಳು ಕುರ್ಚಿ ಕೆಳಗೆ ನುಗ್ಗಿದ್ದು, ಅಜ್ಜಿ ಕೂತಲ್ಲೇ ನಿದ್ದೆ ಹೋಗಿದ್ದು ಅವರಿಗೆ ಸಿಗುವುದಿಲ್ಲ. ಸಿಕ್ಕರೂ ಪರಿಚಯವಿಲ್ಲದವರ ಕ್ಯಾಮೆರಾ ಕಂಡರೆ ಜನ ಮೈ ಬಿಗಿ ಮಾಡುತ್ತಾರೆ. ತಮ್ಮ ಮಗಳ ಮೊಬೈಲ್ ಮುಂದೆ ಹಾಗಿರುವುದಿಲ್ಲ. ಖರ್ಚೂ ಇಲ್ಲ, ಯಾರ ಮನಸ್ಸೂ ನೋಯುವುದಿಲ್ಲ, ಫೋಟೋ ಅವತ್ತೇ ಸಿಗುತ್ತದೆ.

ಬದಲಿಗೆ ನೀವು ಬಿಟ್ಟುಕೊಡುವುದು ಮುಖ್ಯ ಕ್ಷಣಗಳ ಭರವಸೆ. ಹಿನ್ನೆಲೆಯಲ್ಲಿ ನೆಂಟರ ಮುಖಗಳಿಗಿಂತ ಮೊಬೈಲಿನ ಬೆನ್ನುಗಳೇ ಜಾಸ್ತಿ ಕಾಣುತ್ತವೆ. ದೊಡ್ಡ ಪ್ರಿಂಟು, ಆಲ್ಬಂ ಅಂತ ಏನೂ ಆಸೆ ಇಲ್ಲ, ಗದ್ದಲವೇ ನಮಗಿಷ್ಟ ಅನ್ನುವವರು ಕಣ್ಣು ಮುಚ್ಚಿ ಇದನ್ನು ಆರಿಸಬಹುದು. ಫೋಟೋಗ್ರಾಫರಿಗೆ ದೊಡ್ಡ ಮೊತ್ತ ಕೊಟ್ಟಿದ್ದರೆ ಮಾತ್ರ ಎರಡು ಸಲ ಯೋಚಿಸಿ. ಆ ದುಡ್ಡು ಯಾವ ಫೋಟೋಗೆ ಅಂತ ಕೊಟ್ಟಿದ್ದೀರೋ, ಅಡ್ಡ ಬರುವುದು ಅದಕ್ಕೇ.

ಆಯ್ಕೆ ಎರಡು: ಮೊಬೈಲ್ ಪೂರ್ತಿ ಬಂದ್

ಫೋಟೋಗ್ರಾಫರಿಗೆ ಇದಕ್ಕಿಂತ ಸುಖ ಇನ್ನೊಂದಿಲ್ಲ. ಎಲ್ಲರ ಕಣ್ಣೂ ಮದುಮಕ್ಕಳ ಮೇಲೆ, ಎಲ್ಲರ ಮುಖವೂ ಕಾಣುತ್ತದೆ. ಫೋಟೋ ಹೊರಗೆ ಹೋಗಬಾರದು ಅನ್ನುವವರಿಗೆ ನೆಮ್ಮದಿ ಕೊಡುವ ಆಯ್ಕೆಯೂ ಇದೊಂದೇ.

"ಮೊಬೈಲ್ ಇಲ್ಲದಿದ್ದರೆ ಜನ ಮನಸ್ಸಿಟ್ಟು ನೋಡುತ್ತಾರೆ" ಅನ್ನುವ ವಾದ ಅರ್ಧ ನಿಜ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಲಾ ಮ್ಯೂಸಿಯಂ ನೋಡಲು ಹೋದವರು ಫೋಟೋ ತೆಗೆದ ವಸ್ತುಗಳಿಗಿಂತ ಸುಮ್ಮನೆ ನೋಡಿದ ವಸ್ತುಗಳನ್ನೇ ಹೆಚ್ಚು ನೆನಪಿಟ್ಟುಕೊಂಡಿದ್ದರು. ತಮಾಷೆ ಅಂದರೆ, ಜೂಮ್ ಮಾಡಿ ಒಂದು ಭಾಗದ ಫೋಟೋ ತೆಗೆದವರಿಗೆ ಆ ನಷ್ಟ ಆಗಿರಲಿಲ್ಲ. 2017ರಲ್ಲಿ ಬಂದ ಇನ್ನೊಂದು ಅಧ್ಯಯನ ಬೇರೆಯದೇ ಹೇಳಿತು: ತಮಗಿಷ್ಟ ಬಂದಂತೆ ಫೋಟೋ ತೆಗೆದವರಿಗೆ ಕಣ್ಣಿಗೆ ಕಂಡದ್ದು ಚೆನ್ನಾಗಿ ನೆನಪಿತ್ತು, ಕಿವಿಗೆ ಬಿದ್ದದ್ದು ಕಡಿಮೆ ನೆನಪಿತ್ತು. ನಿಮ್ಮ ಮದುವೆಯಲ್ಲಿ ಮಾತು, ಮಂತ್ರ, ಪ್ರತಿಜ್ಞೆ, ಹಾಡು ಮುಖ್ಯವಾಗಿದ್ದರೆ ಮೊಬೈಲ್ ಕೆಳಗಿಡಿಸುವುದಕ್ಕೆ ಇದು ಒಳ್ಳೆಯ ಕಾರಣ.

ಇದರ ಕೆಟ್ಟ ಮುಖವೂ ಇದೆ. ಪೂರ್ತಿ ದಿನ ತಡೆಯುವುದು ಕಷ್ಟ, ಯಾರಾದರೂ ಕಾವಲು ಕಾಯಬೇಕು. ದೂರದಿಂದ ಬಂದವರು "ಒಂದು ಫೋಟೋನೂ ಇಲ್ವಾ" ಅಂತ ಮುನಿಸಿಕೊಳ್ಳುತ್ತಾರೆ. ಬರಲಾಗದ ಅಜ್ಜನಿಗೆ ವಿಡಿಯೋ ಕಾಲ್ ಮಾಡುವವರನ್ನು ತಡೆಯುತ್ತೀರಾ? ಎಲ್ಲಕ್ಕಿಂತ ದೊಡ್ಡದು, ನಿಮ್ಮ ಮದುವೆಯ ಎಲ್ಲ ಫೋಟೋ ಒಬ್ಬರ ಕ್ಯಾಮೆರಾದಲ್ಲಿ ಮಾತ್ರ ಇರುತ್ತದೆ. ಈ ಆಯ್ಕೆ ಮಾಡುವುದಾದರೆ ಫೋಟೋಗ್ರಾಫರಿಗೆ ಒಂದು ಪ್ರಶ್ನೆ ಕೇಳಲೇಬೇಕು: ನಿಮ್ಮ ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡ್ ಹಾಕಿ, ಒಂದು ಕೆಟ್ಟರೂ ಇನ್ನೊಂದರಲ್ಲಿ ಉಳಿಯುವಂತೆ ಎರಡಕ್ಕೂ ಒಟ್ಟಿಗೇ ಫೋಟೋ ಬೀಳುವ ಹಾಗೆ ಇಡುತ್ತೀರಾ? ಇಲ್ಲ ಅಂದರೆ ಪೂರ್ತಿ ಬಂದ್ ಮಾಡುವ ಯೋಚನೆ ಬಿಡಿ.

ಆಯ್ಕೆ ಮೂರು: ಮುಖ್ಯ ಹೊತ್ತಿನಲ್ಲಿ ಮಾತ್ರ ಬೇಡ

ನಾನು ಹೆಚ್ಚಿನವರಿಗೆ ಹೇಳುವುದು ಇದನ್ನೇ. ಮೊದಲು ಬರೆದುಕೊಂಡ ಹಾಳೆ ಇದೆಯಲ್ಲ, ಅದರಲ್ಲಿರುವ ಹೊತ್ತು ಫೋಟೋಗ್ರಾಫರದ್ದು, ಉಳಿದದ್ದೆಲ್ಲಾ ಎಲ್ಲರದ್ದು. ಕೇಳಿದ್ದು ಹತ್ತು ಹದಿನೈದು ನಿಮಿಷ ಆದ್ದರಿಂದ ಜನ ಒಪ್ಪುತ್ತಾರೆ. ಒಪ್ಪದವರನ್ನೂ ಪಕ್ಕದವರೇ ಸುಮ್ಮನಾಗಿಸುತ್ತಾರೆ.

ಇದು ನಡೆಯುವುದು ಬಿಡುವುದು ಹೇಳುವ ರೀತಿಯ ಮೇಲಿದೆ. ಬಾಗಿಲ ಬಳಿಯ ಬೋರ್ಡನ್ನು ಯಾರೂ ಓದುವುದಿಲ್ಲ, ಇಡಿ ಬೇಕಾದರೆ, ಅದನ್ನೇ ನಂಬಬೇಡಿ. ಕೆಲಸ ಮಾಡುವುದು ಶುರುವಾಗುವ ಒಂದು ನಿಮಿಷ ಮುಂಚೆ ಮೈಕಿನಲ್ಲಿ ಹೇಳುವ ಎರಡು ಮಾತು. ಹೇಳುವವರು ಫೋಟೋಗ್ರಾಫರ್ ಆಗಬಾರದು, ಅವರ ಲಾಭಕ್ಕೆ ಹೇಳಿದ ಹಾಗೆ ಕೇಳಿಸುತ್ತದೆ. ಮದುಮಕ್ಕಳೂ ಬೇಡ. ಎರಡೂ ಮನೆಯವರು ಗೌರವ ಕೊಡುವ ಹಿರಿಯರು, ಇಲ್ಲಾ ಕಾರ್ಯಕ್ರಮ ನಡೆಸುವವರು ಹೇಳಲಿ. ಮಾತು ಹೀಗಿದ್ದರೆ ಸಾಕು: "ಇನ್ನೊಂದು ಹತ್ತು ನಿಮಿಷ ಮೊಬೈಲ್ ಒಳಗಿಡಿ. ಮದುಮಕ್ಕಳಿಗೆ ನಿಮ್ಮ ಮುಖ ನೋಡುವ ಆಸೆ. ಇದು ಮುಗಿದ ಕೂಡಲೇ ನಾನೇ ಕರೆಯುತ್ತೇನೆ, ಎಲ್ಲರೂ ಮುಂದೆ ಬಂದು ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳಿ." ಆ ಕೊನೆಯ ಮಾತು ಬಿಡಬೇಡಿ. ಹೇಳಿದ ಮೇಲೆ ನಿಜವಾಗಿಯೂ ಕರೆಯಿರಿ, ಮದುಮಕ್ಕಳು ಎರಡು ನಿಮಿಷ ನಿಂತು ಎಲ್ಲರ ಕಡೆ ನೋಡಿ ನಗಲಿ.

ಗ್ರೂಪ್ ಫೋಟೋಗೂ ಇದೇ ಕ್ರಮ. ಮೊದಲು ಫೋಟೋಗ್ರಾಫರ್ ಒಬ್ಬರೇ, ಅವರು "ಆಯ್ತು" ಅಂದ ಮೇಲೆ ಅರ್ಧ ನಿಮಿಷ ಮೊಬೈಲಿನವರಿಗೆ, ಆಮೇಲೆ ಮುಂದಿನ ಗುಂಪು. ಸಮಯ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಗುಂಪುಗಳು ತುಂಬಾ ಇದ್ದರೆ ಊಟದ ಹೊತ್ತು ಮುಂದಕ್ಕೆ ಹೋಗುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಆಯ್ಕೆ ನಾಲ್ಕು: ಕ್ಯಾಮೆರಾ ಇರುವ ಒಬ್ಬ ನೆಂಟರಿಗೆ ವಹಿಸುವುದು

ಪ್ರತಿ ಮನೆಯಲ್ಲೂ ಒಳ್ಳೆಯ ಕ್ಯಾಮೆರಾ ಇಟ್ಟುಕೊಂಡ ಒಬ್ಬ ಅಣ್ಣ ಇರುತ್ತಾನೆ. ಅವನಿಗೆ "ನೀನೂ ತೆಗಿ" ಅನ್ನುವ ಮುಂಚೆ ಫೋಟೋಗ್ರಾಫರ್ ಜೊತೆಗಿನ ಅಗ್ರಿಮೆಂಟ್ ಓದಿ. ಬೇರೆ ಫೋಟೋಗ್ರಾಫರ್ ಇರಬಾರದು ಅಂತ ಕೆಲವರು ಬರೆದಿರುತ್ತಾರೆ. ನೆಂಟರಿಗೆ ಅದು ಅನ್ವಯಿಸುತ್ತದಾ ಅಂತ ಕೇಳಿಬಿಟ್ಟರೆ ಅವತ್ತು ಮುಖ ಗಂಟಿಕ್ಕುವುದು ತಪ್ಪುತ್ತದೆ.

ಅಣ್ಣನಿಗೆ ಮೂರು ಮಾತು ಹೇಳಿ. ಫ್ಲ್ಯಾಶ್ ಬೇಡ. ಫೋಟೋಗ್ರಾಫರ್ ನಿಂತ ಜಾಗದ ಹಿಂದೆ ನಿಂತು ಅದನ್ನೇ ತೆಗೆಯುವುದು ಬೇಡ, ಅವರು ವೇದಿಕೆ ನೋಡುತ್ತಿದ್ದರೆ ನೀನು ಜನರ ಕಡೆ ತಿರುಗು. ಸದ್ದಿಲ್ಲದ ಶಟರ್ ಹಾಕಿದರೆ ಎಲ್‌ಇಡಿ ದೀಪದಡಿ ಫೋಟೋದಲ್ಲಿ ಪಟ್ಟೆ ಪಟ್ಟೆ ಬರಬಹುದು, ಮೊದಲೇ ಒಂದೆರಡು ತೆಗೆದು ನೋಡಿಕೋ. ಇನ್ನೊಂದು ಕೆಲಸ ಬೆಳಿಗ್ಗೆಯೇ ಮುಗಿಸಬೇಕು: ಎರಡೂ ಕ್ಯಾಮೆರಾದ ಗಡಿಯಾರ ಒಂದೇ ಸಮಯಕ್ಕೆ ಇಡುವುದು. ಇಲ್ಲದಿದ್ದರೆ ಆಮೇಲೆ ಎಲ್ಲ ಫೋಟೋ ಸೇರಿಸಿ ಹೊತ್ತಿನ ಪ್ರಕಾರ ಜೋಡಿಸುವಾಗ ಊಟ ಮೊದಲು ಬಂದು ಮದುವೆ ಆಮೇಲೆ ಬರುತ್ತದೆ.

ಇದರಲ್ಲಿ ಒಂದು ನಷ್ಟವಿದೆ, ಅದನ್ನು ಅಣ್ಣನೇ ಹೊರಬೇಕು. ಅವನು ಅವತ್ತು ನೆಂಟನಾಗಿ ಇರುವುದಿಲ್ಲ. ಕೂತು ಊಟ ಮಾಡುವುದಿಲ್ಲ, ಗ್ರೂಪ್ ಫೋಟೋದಲ್ಲಿ ಇರುವುದಿಲ್ಲ. ಅವನಿಗೆ ಅದೇ ಖುಷಿ ಅಂದರೆ ಸರಿ. ಇಲ್ಲದಿದ್ದರೆ, ಕೈಯಲ್ಲಿ ದುಡ್ಡಿದ್ದರೆ, ಫೋಟೋಗ್ರಾಫರಿಗೇ ಹೇಳಿ ಇನ್ನೊಬ್ಬರನ್ನು ಜೊತೆಗೆ ಕರೆತರಿಸಿ. ಖರ್ಚು ಜಾಸ್ತಿ, ಆದರೆ ಇಬ್ಬರ ನಡುವೆ ಹೊಂದಾಣಿಕೆ ಮೊದಲೇ ಇರುತ್ತದೆ, ಎಲ್ಲ ಫೋಟೋಗೂ ಒಂದೇ ಬಣ್ಣ ಬರುತ್ತದೆ.

ಆಯ್ಕೆ ಐದು: ಮೇಜಿನ ಮೇಲೆ ಆಟದ ಕ್ಯಾಮೆರಾ

ಒಂದೇ ಸಲ ಬಳಸುವ ರೀಲ್ ಕ್ಯಾಮೆರಾವನ್ನು ಫ್ಯೂಜಿಫಿಲ್ಮ್ 1986ರಲ್ಲಿ ಕ್ವಿಕ್‌ಸ್ನ್ಯಾಪ್ ಹೆಸರಲ್ಲಿ ತಂದಿತು. ಇವತ್ತಿಗೂ ಸಿಗುತ್ತದೆ. ಒಂದರಲ್ಲಿ 27 ಫೋಟೋ, 400ರ ರೀಲು (ರೀಲು ಬೆಳಕು ಹಿಡಿಯುವ ಶಕ್ತಿಯ ಅಳತೆ ಅದು), ಫ್ಲ್ಯಾಶ್ ಮುಟ್ಟುವುದು ಸುಮಾರು 3 ಮೀಟರ್. ಒಳಾಂಗಣದಲ್ಲಿ ಫ್ಲ್ಯಾಶ್ ಒತ್ತುವುದನ್ನು ಮರೆತರೆ ಕತ್ತಲು, ಮತ್ತು ಅರ್ಧ ಜನ ಮರೆಯುತ್ತಾರೆ. ಕ್ಯಾಮೆರಾಗೆ ಒಂದು ಖರ್ಚು, ರೀಲು ತೊಳೆಸುವುದಕ್ಕೆ ಇನ್ನೊಂದು. ಮೇಜಿಗೊಂದು ಇಟ್ಟರೆ ಒಟ್ಟು ಖರ್ಚು ನೀವು ಅಂದುಕೊಂಡದ್ದಕ್ಕಿಂತ ಬೇಗ ಏರುತ್ತದೆ.

ಇನ್‌ಸ್ಟಾಕ್ಸ್ ಮಿನಿ ಥರದ ಕ್ಯಾಮೆರಾದಲ್ಲಿ ಫೋಟೋ ಅಲ್ಲೇ ಕೈಗೆ ಬರುತ್ತದೆ, ಚಿತ್ರದ ಅಳತೆ 62×46 ಮಿ.ಮೀ., ಪ್ಯಾಕಿಗೆ ಹತ್ತು ಹಾಳೆ. ಒಂದು ಪುಸ್ತಕ ಇಟ್ಟು, ಫೋಟೋ ಅಂಟಿಸಿ ಪಕ್ಕದಲ್ಲಿ ನಾಲ್ಕು ಸಾಲು ಹಾರೈಕೆ ಬರೆಸಿದರೆ ಬಹಳ ಚೆನ್ನಾಗಿರುತ್ತದೆ. ಇವೆರಡೂ ಫೋಟೋಗ್ರಾಫರಿಗೆ ಪೈಪೋಟಿಯೇ ಅಲ್ಲ. ಚಿಕ್ಕ ಮದುವೆಗೆ ತಗೊಳ್ಳಿ, ನೂರಾರು ಜನರ ಮದುವೆಯಲ್ಲಿ ಹಾಳೆ ಅರ್ಧ ಗಂಟೆಯಲ್ಲಿ ಖಾಲಿ.

ಯಾವುದನ್ನು ಆರಿಸಿದರೂ ಫೋಟೋ ಸೇರಿಸುವ ದಾರಿ ಬೇಕು

ನೆಂಟರು ತೆಗೆಯುತ್ತಾರೆ, ಅದು ಅವರ ಮೊಬೈಲಿನಲ್ಲೇ ಉಳಿಯುತ್ತದೆ. ಒಂದು ಹಂಚಿಕೊಂಡ ಆಲ್ಬಂ ಮಾಡಿ ಅದರ ಕ್ಯೂಆರ್ ಕೋಡನ್ನು ಊಟದ ಮೇಜಿನ ಮೇಲೆ ಇಡಿ. ಜನ ಸುಮ್ಮನೆ ಕೂತು ಮೊಬೈಲ್ ನೋಡುವುದು ಅಲ್ಲೇ. ಗೂಗಲ್ ಫೋಟೋಸ್ ಆಲ್ಬಂನಲ್ಲಿ 20,000 ಫೋಟೋ, ವಿಡಿಯೋ ಹಿಡಿಸುತ್ತದೆ, ಆದರೆ ಹಾಕುವವರಿಗೆ ಗೂಗಲ್ ಖಾತೆ ಬೇಕು, ಮತ್ತು 2021ರ ಜೂನ್‌ನಿಂದ ಹಾಕಿದ್ದೆಲ್ಲಾ ಅವರ 15 ಜಿಬಿ ಪುಕ್ಕಟೆ ಜಾಗದಲ್ಲಿ ಲೆಕ್ಕಕ್ಕೆ ಬರುತ್ತದೆ. ಆಪಲ್‌ನ ಹಂಚಿಕೊಂಡ ಆಲ್ಬಂ ಫೋಟೋವನ್ನು ಉದ್ದದ ಕಡೆ 2048 ಪಿಕ್ಸೆಲ್‌ಗೆ ಇಳಿಸುತ್ತದೆ. ನೋಡುವುದಕ್ಕೆ ಸಾಕು, ದೊಡ್ಡ ಪ್ರಿಂಟಿಗೆ ಸಾಲದು.

ವಾಟ್ಸಾಪ್ ಬಿಟ್ಟು ಬೇರೆ ಗೊತ್ತಿಲ್ಲ ಅನ್ನುವ ಹಿರಿಯರಿಗೆ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸುವುದನ್ನು ತೋರಿಸಿಕೊಡಿ, ಆಗ ಮೂಲ ಗಾತ್ರದಲ್ಲೇ ಬರುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಒತ್ತಿದರೂ ಮಾಮೂಲಿಗಿಂತ ವಾಸಿ. ಕೇಳುವುದಿದ್ದರೆ ಮದುವೆಯಾದ ಎರಡು ಮೂರು ದಿನದೊಳಗೇ ಕೇಳಿ. ಆಮೇಲೆ ಯಾರೂ ಹುಡುಕಿ ಕಳಿಸುವುದಿಲ್ಲ.

ಹಾಗಾದರೆ ನಿಮಗೆ ಯಾವುದು

ಬಜೆಟ್ ಕಡಿಮೆ, ಫೋಟೋಗ್ರಾಫರನ್ನು ಕೆಲವೇ ಗಂಟೆಗೆ ಕರೆಸುತ್ತಿದ್ದೀರಿ ಅಂದರೆ ಮೂರನೆಯದೇ ಸರಿ. ಅವರಿರುವ ಗಂಟೆಗಳನ್ನು ಮುಖ್ಯ ಹೊತ್ತು ಮತ್ತು ಗ್ರೂಪ್ ಫೋಟೋಗೆ ಇಡಿ. ತಯಾರಿ, ಊಟ, ಕುಣಿತ ಎಲ್ಲಾ ನೆಂಟರ ಮೊಬೈಲಿಗೆ ಬಿಡಿ. ಹೀಗೆ ಮಾಡಿದರೆ ಇಡೀ ದಿನದ ಬಾಡಿಗೆ ಕೊಡದೆಯೂ ಏನೂ ಬಿಟ್ಟುಹೋಗುವುದಿಲ್ಲ.

ಐವತ್ತು ಜನರೊಳಗಿನ ಮದುವೆ, ಎಲ್ಲರೂ ಆಪ್ತರು, ಫೋಟೋ ಹೊರಗೆ ಹೋಗುವುದು ಇಷ್ಟವಿಲ್ಲ: ಪೂರ್ತಿ ಬಂದ್ ಮಾಡಿ. ಅಷ್ಟು ಜನರಿಗೆ ಫೋನ್ ಮಾಡಿಯೇ ಹೇಳಬಹುದು. ಜೊತೆಗೆ ಒಂದು ಇನ್‌ಸ್ಟಾಕ್ಸ್ ಇಟ್ಟರೆ ಕೈ ತುರಿಸುವವರಿಗೂ ಸಮಾಧಾನ. ಅದೇ ನೂರಾರು ಜನ ಬರುವ ಕಡೆ ಪೂರ್ತಿ ಬಂದ್ ಅನ್ನುವ ಮಾತು ಮಾತಾಗಿಯೇ ಉಳಿಯುತ್ತದೆ, ಅಲ್ಲಿ ಶಕ್ತಿ ವ್ಯರ್ಥ ಮಾಡಬೇಡಿ.

ಒಳಗೆ ಬೆಳಕು ಕಡಿಮೆ ಇದೆಯಾ? ಆಗ ಫೋಟೋ ತೆಗೆಯಲಿ, ಫ್ಲ್ಯಾಶ್ ಮಾತ್ರ ಬೇಡ ಅನ್ನುವ ಒಂದೇ ನಿಯಮ ಇಟ್ಟರೂ ಅರ್ಧ ಗೆದ್ದ ಹಾಗೆ. ಹಗಲು ಬಯಲಿನಲ್ಲಾದರೆ ಫ್ಲ್ಯಾಶ್ ಚಿಂತೆ ಇಲ್ಲ, ಅಡ್ಡ ನಿಲ್ಲುವುದೊಂದೇ ಚಿಂತೆ. ಮುಂದಿನ ಎರಡು ಸಾಲಿನಲ್ಲಿ ಯಾರನ್ನು ಕೂರಿಸುತ್ತೀರಿ ಅನ್ನುವುದನ್ನು ನೋಡಿಕೊಂಡರೆ ಸಾಕು. ಬರಲಾಗದವರು ಬೇರೆ ಊರಿನಲ್ಲಿದ್ದರೆ ಒಂದು ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ಪಕ್ಕದಲ್ಲಿ ನಿಲ್ಲಿಸಿ ಲೈವ್ ಹಾಕಿ, ಹತ್ತು ಜನ ಕೈ ಎತ್ತಿ ವಿಡಿಯೋ ಕಾಲ್ ಮಾಡುವುದು ತಪ್ಪುತ್ತದೆ. ಆ ಸ್ಟ್ಯಾಂಡ್ ಎಲ್ಲಿ ಅಂತ ಫೋಟೋಗ್ರಾಫರನ್ನೇ ಕೇಳಿ ಇಡಿ.

ತೀರ್ಮಾನ ಮಾಡಿದ ದಿನವೇ ಅದನ್ನು ಫೋಟೋಗ್ರಾಫರಿಗೆ ತಿಳಿಸಿ, ಮದುವೆ ಬೆಳಿಗ್ಗೆ ಅಲ್ಲ. ಮೊಬೈಲ್ ಇರುತ್ತದೆ ಅಂತ ಗೊತ್ತಿದ್ದರೆ ಅವರು ನಿಲ್ಲುವ ಜಾಗ, ತರುವ ಲೆನ್ಸು ಎಲ್ಲಾ ಬೇರೆಯಾಗುತ್ತದೆ. ಹಾಳೆಯ ಒಂದು ಪ್ರತಿ ಅವರಿಗೆ, ಇನ್ನೊಂದು ಮೈಕ್ ಹಿಡಿಯುವವರಿಗೆ ಕೊಡಿ. ಚಿಕ್ಕಪ್ಪನ ವಿಷಯಕ್ಕೆ ಬಂದರೆ, ಬೇಡ ಅನ್ನಬೇಡಿ, ಅವರಿಗೊಂದು ಕೆಲಸ ಕೊಡಿ. "ವೇದಿಕೆ ಅವರು ನೋಡ್ಕೋತಾರೆ, ಬರೋ ಹಿರಿಯರ ಫೋಟೋ ಒಬ್ಬರದೂ ಬಿಡದೆ ನೀವು ತೆಗೀರಿ ಚಿಕ್ಕಪ್ಪ" ಅಂದರೆ ಅವರು ಬಾಗಿಲ ಬಳಿಯೇ ಇರುತ್ತಾರೆ.